ಲಿವರ್ ಮುಚ್ಚುವ ಮುಂಚೆ ಸ್ವಲ್ಪ ತಾಳಿ: ಕ್ಯಾಟಲಿಟಿಕ್ ಸೌದೆ ಒಲೆ ಉರಿಸುವುದು ಹೀಗೆ

ಹೊಗೆ ಅಂದರೆ ಇನ್ನೂ ಉರಿಯದ ಸೌದೆ. ಇದೊಂದು ಗೊತ್ತಾದರೆ ಈ ಒಲೆ ಅರ್ಧ ಅರ್ಥವಾದ ಹಾಗೆ. ಸಾಮಾನ್ಯವಾಗಿ ಹೊಗೆ ಪೂರ್ತಿ ಉರಿಯಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಸಣ್ಣ ಉರಿಯಲ್ಲಿ ಅಷ್ಟು ಬಿಸಿ ಏರುವುದಿಲ್ಲ, ಹಾಗಾಗಿ ಅದು ಚಿಮಣಿ ಹತ್ತಿ ಪಕ್ಕದ ಮನೆಯ ತಾರಸಿಯಲ್ಲಿ ಒಣಹಾಕಿದ ಬಟ್ಟೆಗೆ ಹೋಗಿ ಕೂರುತ್ತದೆ. ಕ್ಯಾಟಲಿಟಿಕ್ ಒಲೆಯಲ್ಲಿ ಹೊಗೆಯ ದಾರಿಗೆ ಜೇನುಗೂಡಿನ ಹಾಗೆ ಕಂಡಿ ಕಂಡಿ ಇರುವ ಒಂದು ಸೆರಾಮಿಕ್ ಬಿಲ್ಲೆ ಅಡ್ಡ ಇಟ್ಟಿರುತ್ತಾರೆ. ಅದಕ್ಕೆ ಪ್ಲಾಟಿನಂ, ಪಲ್ಲೇಡಿಯಂ ಲೇಪ. ಅದನ್ನು ಮುಟ್ಟಿದ ಹೊಗೆ 260 ಡಿಗ್ರಿ ಆಸುಪಾಸಿನಲ್ಲೇ ಉರಿದುಹೋಗುತ್ತದೆ. ಕಾರಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದಲ್ವಾ, ಕೆಲಸ ಅದರದ್ದೇ. ಅಮೆರಿಕದಲ್ಲಿ 1988ರಲ್ಲಿ ಸೌದೆ ಒಲೆಯ ಹೊಗೆಗೆ ಮಿತಿ ಹಾಕಿದಾಗ ಕಂಪನಿಗಳು ಹಿಡಿದ ದಾರಿಗಳಲ್ಲಿ ಇದೂ ಒಂದು.

ನಮ್ಮ ಮನೆ ಇರುವುದು ಯಲಹಂಕ ದಾಟಿದ ಮೇಲೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಅಲ್ಲಿ ನೆಲಕ್ಕೆ ಕಾಲಿಡಲು ಆಗುವುದಿಲ್ಲ. ಒಲೆ ತಂದ ಮೊದಲ ವರ್ಷ ಎರಡೇ ವಾರಕ್ಕೆ ಬಿಲ್ಲೆ ಕಟ್ಟಿಕೊಂಡಿತು. ಬಿಚ್ಚಿ ನೋಡಿದರೆ ಕಂಡಿಗಳಲ್ಲಿ ಕಾಡಿಗೆಯಂಥ ಮಸಿ, ಬೆರಳಿಗೆ ಅಂಟುವಷ್ಟು ಜಿಗುಟು. ಹಸಿ ಸೌದೆ ಹಾಕಿದ್ದೆ, ಜೊತೆಗೆ ಹೊಗೆಯನ್ನು ಬಿಲ್ಲೆಯ ಕಡೆಗೆ ತಿರುಗಿಸುವ ಲಿವರ್ ಅನ್ನು ಒಲೆ ಕಾಯುವ ಮೊದಲೇ ಮುಚ್ಚಿದ್ದೆ.

ಅದಕ್ಕೇ ಮೊದಲು ಸೌದೆ. ಬೆಂಗಳೂರಿನಲ್ಲಿ ಸುಲಭವಾಗಿ ಸಿಗುವುದು ನೀಲಗಿರಿ, ಸರ್ವೆ, ಸಿಲ್ವರ್ ಓಕ್. ಏಪ್ರಿಲ್-ಮೇ ಮಳೆಗೆ ಬಿದ್ದ ಗುಲ್‌ಮೊಹರ್ ಕೊಂಬೆಗಳೂ ಸಿಗುತ್ತವೆ. ಯಾವ ಮರವಾದರೂ ಸರಿ, ತೇವ ಶೇಕಡ 20ಕ್ಕಿಂತ ಕಡಿಮೆ ಇರಬೇಕು. ನೀಲಗಿರಿಯನ್ನು ಹಸಿಯಾಗಿದ್ದಾಗಲೇ ಸೀಳಿಬಿಡಿ, ಒಣಗಿದ ಮೇಲೆ ಕೊಡಲಿಗೆ ಬಗ್ಗುವುದಿಲ್ಲ. ಸೀಳಿದ್ದನ್ನು ನೆಲಕ್ಕೆ ತಾಗದಂತೆ ಇಟ್ಟಿಗೆ ಮೇಲೆ ಜೋಡಿಸಿ, ಮೇಲೆ ಮಾತ್ರ ತಗಡು ಮುಚ್ಚಿ, ಪಕ್ಕಗಳಲ್ಲಿ ಗಾಳಿ ಆಡಲಿ. ಪೂರ್ತಿ ಟಾರ್ಪಾಲ್ ಸುತ್ತಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಅಷ್ಟೇ. ಒಂದು ಬೇಸಿಗೆಯಾದರೂ ಕಾಯಬೇಕು. ಒಣಗಿದ ಸೌದೆಯ ತುದಿಯಲ್ಲಿ ಬಿರುಕು ಕಾಣುತ್ತದೆ, ಎರಡು ತುಂಡು ಬಡಿದರೆ ಟಣ್ ಅನ್ನುತ್ತದೆ. ಹಸಿಯದ್ದು ದಪ್ ಅನ್ನುತ್ತದೆ. ಅನುಮಾನ ಇದ್ದರೆ ತೇವ ಅಳೆಯುವ ಮೀಟರ್ ತಂದು, ತುಂಡನ್ನು ಹೊಸದಾಗಿ ಸೀಳಿ ಒಳಭಾಗಕ್ಕೆ ಚುಚ್ಚಿ ನೋಡಿ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಅಕ್ಕಪಕ್ಕ ಎಲ್ಲಾದರೂ ಇಂಟೀರಿಯರ್ ಕೆಲಸ ನಡೆಯುತ್ತಲೇ ಇರುತ್ತದೆ, ಪ್ಲೈವುಡ್ ಚೂರು ಸುಮ್ನೆ ಸಿಗುತ್ತದೆ. ಹಾಕಬೇಡಿ. ಹಳೇ ಮನೆ ಕೆಡವಿದಾಗ ಸಿಗುವ ಬಣ್ಣ ಬಳಿದ ಬಾಗಿಲು, ಗೆದ್ದಲಿಗೆ ಔಷಧಿ ಹೊಡೆದ ಮರ, ಪ್ಲಾಸ್ಟಿಕ್, ಬಣ್ಣದ ಕಾಗದ ಯಾವುದೂ ಬೇಡ. ಅವುಗಳ ಅಂಟು, ಸೀಸ, ರಾಸಾಯನಿಕ ಬಿಲ್ಲೆಯ ಲೇಪವನ್ನು ಕೊಲ್ಲುತ್ತವೆ. ಆ ಹೊಗೆ ನಮ್ಮ ಎದೆಗೂ ಒಳ್ಳೆಯದಲ್ಲ.

ಈಗ ಹಚ್ಚೋಣ. ಬೈಪಾಸ್ ಲಿವರ್ ಪೂರ್ತಿ ತೆರೆಯಿರಿ, ಗಾಳಿಯ ಕಿಂಡಿಯನ್ನೂ ತೆರೆಯಿರಿ. ಲಿವರ್ ತೆರೆದಾಗ ಹೊಗೆ ಬಿಲ್ಲೆಯನ್ನು ಬಿಟ್ಟು ನೇರ ಚಿಮಣಿಗೆ ಹೋಗುತ್ತದೆ. ಚಿಮಣಿ ಎಳೆಯುವುದು ಒಳಗಿನ ಬಿಸಿಗೂ ಹೊರಗಿನ ತಂಪಿಗೂ ಇರುವ ವ್ಯತ್ಯಾಸದಿಂದ. ನಮ್ಮ ಊರಿನ ಹವಾದಲ್ಲಿ ಆ ವ್ಯತ್ಯಾಸ ಕಡಿಮೆ, ಸಂಜೆ ಬೇಗ ಹಚ್ಚಿದರೆ ಹೊಗೆ ಕೋಣೆಗೇ ವಾಪಸ್ ಬರಬಹುದು. ಅದಕ್ಕೆ ಮೊದಲು ಒಂದು ಹಾಳೆ ಕಪ್ಪು-ಬಿಳುಪು ಪೇಪರನ್ನು ಸುರುಳಿ ಮಾಡಿ ಮೇಲೆ ಹಿಡಿದು ಉರಿಸಿ, ಚಿಮಣಿ ಬೆಚ್ಚಗಾಗಲಿ. ಆಮೇಲೆ ಪುಳ್ಳೆ, ತೆಂಗಿನ ಕರಟ, ತೆಳು ಸೀಳು. ಉರಿ ಹಿಡಿದ ಮೇಲೆ ದಪ್ಪ ಕಟ್ಟಿಗೆ.

ಇನ್ನು ಕಾಯಬೇಕು. ಬಿಲ್ಲೆಯ ಥರ್ಮಾಮೀಟರ್ 260 ಡಿಗ್ರಿ ದಾಟುವವರೆಗೆ ಲಿವರ್ ಮುಟ್ಟಬೇಡಿ. ಒಲೆ ತಣ್ಣಗಿದ್ದರೆ ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆವರೆಗೂ ಹಿಡಿಯಬಹುದು. ದಾಟಿದ ಮೇಲೆ ಲಿವರ್ ಮುಚ್ಚಿ. ಐದು-ಹತ್ತು ನಿಮಿಷ ಬಿಟ್ಟು ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ. ಮುಳ್ಳು ತಾನಾಗಿ ಏರುತ್ತದೆ, ಕೆಲವೊಮ್ಮೆ ಬಿಲ್ಲೆ ಕೆಂಡದ ಹಾಗೆ ಕೆಂಪಗೆ ಕಾಣುತ್ತದೆ, ಬೆಂಕಿ ಸಣ್ಣಗಾದರೂ ಕೋಣೆ ಬೆಚ್ಚಗಾಗುತ್ತಾ ಹೋಗುತ್ತದೆ. ಪ್ರತಿ ಸಲವೂ ಕೆಂಪಾಗಲೇಬೇಕು ಅಂತೇನಿಲ್ಲ. ಹೊರಗೆ ಹೋಗಿ ಚಿಮಣಿ ನೋಡಿ, ಬೂದು ಹೊಗೆ ಬರುವುದು ನಿಂತಿದ್ದರೆ ಬಿಲ್ಲೆ ಕೆಲಸ ಮಾಡುತ್ತಿದೆ.

ಮತ್ತೆ ಸೌದೆ ಹಾಕಬೇಕೇ? ಮೊದಲು ಲಿವರ್ ತೆರೆಯಿರಿ, ಒಂದು ನಿಮಿಷ ಬಿಡಿ, ಆಮೇಲೆ ಬಾಗಿಲನ್ನು ನಿಧಾನಕ್ಕೆ ತೆಗೆಯಿರಿ. ಇಲ್ಲದಿದ್ದರೆ ಹೊಗೆ ಮುಖಕ್ಕೇ ಬರುತ್ತದೆ. ತಣ್ಣನೆಯ ಗಾಳಿ ಒಮ್ಮೆಲೇ ಬಡಿದು ಸೆರಾಮಿಕ್ ಬಿರುಕು ಬಿಡಲೂಬಹುದು. ಹೊಸ ಸೌದೆ ಚೆನ್ನಾಗಿ ಹತ್ತಿಕೊಂಡ ಮೇಲೆ ಮತ್ತೆ ಮುಚ್ಚಿ.

ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಬಚ್ಚಲಿನಲ್ಲಿ ಗ್ಯಾಸ್ ಗೀಸರ್‌ನಿಂದ ಜನ ಸತ್ತ ಸುದ್ದಿ ಓದುತ್ತೇವಲ್ಲ, ಅದೇ ಅನಿಲ ಇದು, ವಾಸನೆ ಇಲ್ಲ.

ಬಿಲ್ಲೆ ಶುಚಿ ಮಾಡುವುದು ಒಲೆ ಪೂರ್ತಿ ತಣ್ಣಗಾದ ಮೇಲೆ ಮಾತ್ರ. ಮೆತ್ತನೆಯ ಪೇಂಟ್ ಬ್ರಷ್ ಸಾಕು. ಕಡ್ಡಿ ಹಾಕಿ ಕೆದಕಿದರೆ ಲೇಪ ಉದುರುತ್ತದೆ. ಬೂದಿಯನ್ನು ಮುಚ್ಚಳದ ಕಬ್ಬಿಣದ ಡಬ್ಬಿಗೇ ಹಾಕಿ, ಒಳಗಿನ ಕೆಂಡ ಮಾರನೇ ದಿನವೂ ಜೀವಂತ ಇರುತ್ತದೆ. ಮಳೆ ಶುರುವಾಗುವ ಮುಂಚೆ ಒಲೆಯೊಳಗಿನ ಬೂದಿ ಪೂರ್ತಿ ತೆಗೆಯಿರಿ, ತೇವ ಎಳೆದುಕೊಂಡು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ನವೆಂಬರ್‌ನಲ್ಲಿ ಮತ್ತೆ ಹಚ್ಚುವ ಮೊದಲು ಚಿಮಣಿ ಗುಡಿಸಿ, ಅದರ ಬಾಯಿಯನ್ನೂ ನೋಡಿ. ಹಕ್ಕಿಯೋ ಜೇನೋ ಗೂಡು ಕಟ್ಟಿರಬಹುದು.