ಘಾಟಿ ಏರದ ಹಳೆಯ ಡೀಸೆಲ್ ಕಾರು: ಹೋಗಿದ್ದು ಟರ್ಬೊ ಅಲ್ಲ, ಹೋಸ್

ನಮ್ಮ ಹಳೆಯ ಟರ್ಬೊ ಡೀಸೆಲ್ ಕಾರು ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಚಾರ್ಮಾಡಿ ಘಾಟಿ ಹತ್ತುವಾಗ ಮಾತ್ರ ಎಳೆತವೇ ಇಲ್ಲ. ಆಕ್ಸಿಲರೇಟರ್ ಪೂರ್ತಿ ತುಳಿದರೆ ಹಿಂದೆ ಕಪ್ಪು ಹೊಗೆ. ಗ್ಯಾರೇಜಿನಲ್ಲಿ ‘ಟರ್ಬೊ (ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಹೋಗಿದೆ, ಬದಲಾಯಿಸಿ’ ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಕಪ್ಪು ಹೊಗೆ ಎಂದರೆ ಡೀಸೆಲ್ ಬರುತ್ತಿದೆ, ಅದನ್ನು ಉರಿಸುವಷ್ಟು ಗಾಳಿ ಸಿಗುತ್ತಿಲ್ಲ. ಹಾಗಾಗಿ ಗಾಳಿಯ ದಾರಿಯನ್ನೇ ಹಿಡಿದು ಹೊರಟೆ.

ಏರ್ ಫಿಲ್ಟರ್ ಸರಿಯಿತ್ತು. ಕಾರಿನ ಸೆನ್ಸರ್‌ಗಳ ಅಂಕಿ ತೋರಿಸುವ ಓಬಿಡಿ ಸ್ಕ್ಯಾನರ್ ಹಾಕಿ, ಓದಲು ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರು ಹತ್ತಿದೆ. ಇಂಜಿನ್ ಆಫ್ ಇದ್ದಾಗ ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಹೋಗುವ ಕೊಳವೆ) ಒತ್ತಡ ಸುಮಾರು 100 ಕಿಲೋಪಾಸ್ಕಲ್, ಅಂದರೆ ಹೊರಗಿನ ಗಾಳಿಯಷ್ಟೇ. ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ಪೂರ್ತಿ ತುಳಿದಾಗ 200ರ ಆಸುಪಾಸಿಗೆ ಹೋಗಬೇಕಾದದ್ದು 130 ದಾಟಲೇ ಇಲ್ಲ.

ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನಿಂದ ಇಂಜಿನ್‌ಗೆ ಬರುವ ರಬ್ಬರ್ ಹೋಸ್‌ನ ಅಡಿಯಲ್ಲಿ, ಕ್ಲಾಂಪ್ ಪಕ್ಕ, ಎಣ್ಣೆಜಿಡ್ಡು ಕಂಡಿತು. ಬಿಚ್ಚಿ ಬಗ್ಗಿಸಿದರೆ ಉದ್ದನೆಯ ಸೀಳು! ಒತ್ತಡ ಏರಿದಾಗಷ್ಟೇ ಅದು ಬಾಯಿ ಬಿಡುತ್ತದೆ, ನಿಂತ ಕಾರಿನಲ್ಲಿ ಕಾಣುವುದೇ ಇಲ್ಲ. ಹೊಸ ಹೋಸ್, ಹೊಸ ಕ್ಲಾಂಪ್ ಹಾಕಿಸಿದೆ. ದಯವಿಟ್ಟು ಟೇಪ್ ಸುತ್ತಬೇಡಿ, ಬಿಸಿಗೂ ಎಣ್ಣೆಗೂ ಅದು ನಿಲ್ಲುವುದಿಲ್ಲ. ಈಗ ಬೂಸ್ಟ್, ಅಂದರೆ ಟರ್ಬೊ ಕೊಡುವ ಹೆಚ್ಚುವರಿ ಒತ್ತಡ, ಪೂರ್ತಿ ಬರುತ್ತಿದೆ, ಹೊಗೆಯೂ ಹೋಯಿತು.

ನಿಮ್ಮ ಹೋಸ್‌ಗಳೆಲ್ಲ ಗಟ್ಟಿಯಿದ್ದೂ ಬೂಸ್ಟ್ ಬರದಿದ್ದರೆ, ಟರ್ಬೊ ಆಕ್ಚುಯೇಟರ್‌ಗೆ (ಬೂಸ್ಟ್ ನಿಯಂತ್ರಿಸುವ ಭಾಗ) ಹೋಗುವ ಸಣ್ಣ ಪೈಪನ್ನು ಆಮೇಲೆ ನೋಡಿ.