ಇಡಿಗಂಟಿನಲ್ಲಿ ಪ್ರೀಮಿಯಂಗೂ ಒಂದು ಪಾಲು

ನಾನು ಪುರಸಭೆಯ ಕಂದಾಯ ಶಾಖೆಯಲ್ಲಿದ್ದವನು. ಊರವರ ಮನೆಗಂದಾಯ, ನೀರಿನ ಬಾಕಿ ಲೆಕ್ಕ ಹಾಕುತ್ತಲೇ ನೌಕರಿ ಮುಗಿಯಿತು. ಈಗ ನಿವೃತ್ತಿ ಹತ್ತಿರ ಬಂದವರು ಸಿಕ್ಕಾಗೆಲ್ಲ ಕೇಳುತ್ತಾರೆ, "ಸಾರ್, ಮುಂದೆ ಆಸ್ಪತ್ರೆ ಖರ್ಚಿಗೆ ಏನು ಮಾಡೋದು?"

ಪಿಂಚಣಿಯಲ್ಲಿ ಉಳಿಸಿ ಆರೋಗ್ಯ ವಿಮೆಯ ಪ್ರೀಮಿಯಂ ಕಟ್ಟುತ್ತೇನೆ ಅನ್ನಬೇಡಿ. ಉಳಿಯುವುದಿಲ್ಲ. ಮೊಮ್ಮಗಳ ಫೀಸು, ಮನೆಯ ಸುಣ್ಣಬಣ್ಣ, ಯಾರದೋ ಮದುವೆ ಅಂತ ಹೋಗಿಬಿಡುತ್ತದೆ. ಗ್ರಾಚ್ಯುಟಿ, ಗಳಿಕೆ ರಜೆಯ ಹಣ ಅಂತ ಇಡಿಗಂಟು ಕೈಗೆ ಬಂದ ಕೂಡಲೇ ಒಂದು ಪಾಲನ್ನು ಬೇರೆ ಎತ್ತಿಡಿ. ಸೈಟು ಕೊಳ್ಳುವ ಮಾತು ಆಮೇಲೆ.

ಎಷ್ಟು ಎತ್ತಿಡಬೇಕು? ಮೊದಲು ಗಂಡ ಹೆಂಡತಿ ಇಬ್ಬರಿಗೂ ಸೇರಿ ಪ್ರೀಮಿಯಂ ಎಷ್ಟು ಅಂತ ಕೇಳಿಕೊಂಡು ಬನ್ನಿ. ವರ್ಷಕ್ಕೆ 30,000 ಅಂದರು ಅನ್ನಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 5 ಲಕ್ಷ ಹಾಕಿ. ಶೇ 8.2ರ ಬಡ್ಡಿಯಲ್ಲಿ ಮೂರು ತಿಂಗಳಿಗೆ 10,250, ವರ್ಷಕ್ಕೆ 41,000 ರೂಪಾಯಿ ಬರುತ್ತದೆ. ಹಾಕಿದ ದಿನದ ದರವೇ ಐದು ವರ್ಷ ಇರುತ್ತದೆ. ಮಿಕ್ಕ 11,000ವನ್ನು ಮುಟ್ಟಬೇಡಿ, ಆರ್‌ಡಿಗೆ ಕಟ್ಟಿ. ವಯಸ್ಸಾದಂತೆ ಪ್ರೀಮಿಯಂ ಏರಿಯೇ ಏರುತ್ತದೆ, ಅದಕ್ಕೆ ಇದು. 60 ದಾಟಿದವರಿಗೆ ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ತನ್ನನ್ನು ಕೇಳಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2025ರ ಜನವರಿಯಲ್ಲಿ ಹೇಳಿದೆ. ಹಾಗಂತ ಶೇ 10 ಕಮ್ಮಿ ಏನಲ್ಲ, ಅಲ್ವಾ?

ಈ ಬಡ್ಡಿ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಮೊದಲಿಗೆ ಖಾತೆಗೆ ಬೀಳುತ್ತದೆ. ಪಾಲಿಸಿಯನ್ನು ಜನವರಿ ಮಧ್ಯದಲ್ಲಿ ಶುರುಮಾಡಿದರೆ ನವೀಕರಣದ ಹೊತ್ತಿಗೆ ವರ್ಷದ ಬಡ್ಡಿಯೆಲ್ಲ ಕೈಯಲ್ಲಿರುತ್ತದೆ. ಪ್ರೀಮಿಯಂ ನಗದಾಗಿ ಕೊಡಬೇಡಿ. ಹಳೆ ತೆರಿಗೆ ಪದ್ಧತಿಯಲ್ಲಿ ಇರುವ ಹಿರಿಯರಿಗೆ ಪ್ರೀಮಿಯಂ ಲೆಕ್ಕದಲ್ಲಿ ತೆರಿಗೆ ಬೀಳುವ ಆದಾಯದಿಂದ 50,000ವರೆಗೆ ಕಡಿತ ಸಿಗುತ್ತದೆ, ನಗದು ಕೊಟ್ಟರೆ ಅದು ತಪ್ಪುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ ಜಿಎಸ್‌ಟಿಯೂ ಇಲ್ಲ.

ಆದರೆ ವಿಮೆ ಮಾಡಿಸಲು ನಿವೃತ್ತಿಯವರೆಗೆ ಕಾಯಬೇಡಿ. ಮೊದಲೇ ಇರುವ ಬಿಪಿ, ಶುಗರಿನಂಥ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು ಅಂತ ನಿಯಮವಿದೆ. 57ಕ್ಕೇ ಮಾಡಿಸಿದರೆ ಆ ಕಾಯುವಿಕೆ ಸಂಬಳ ಬರುವಾಗಲೇ ಮುಗಿಯುತ್ತದೆ. ಬಿಪಿ ಮಾತ್ರೆ ನುಂಗುತ್ತಿದ್ದರೆ ಅರ್ಜಿಯಲ್ಲಿ ಬರೆಯಿರಿ. ಏಜೆಂಟ್ "ಸುಮ್ನೆ ಇಲ್ಲ ಅಂತ ಹಾಕಿ" ಅಂದರೂ ಬರೆಯಿರಿ.

ಪಾಲಿಸಿ ಓದುವಾಗ ನಾನು ಮೊದಲು ಹುಡುಕುವುದು ರೂಮ್ ಬಾಡಿಗೆ. ಎಲ್ಲ ಕಂಪನಿಗಳೂ ಮಾರುವ 'ಆರೋಗ್ಯ ಸಂಜೀವನಿ'ಯನ್ನೇ ನೋಡಿ. ಅದರಲ್ಲಿ ದಿನಕ್ಕೆ ವಿಮೆ ಮೊತ್ತದ ಶೇ 2, ಅದೂ 5,000 ಮೀರುವಂತಿಲ್ಲ. 2 ಲಕ್ಷದ ಪಾಲಿಸಿಗೆ 4,000 ಆಯಿತು. ನೀವು 8,000ದ ರೂಮಿಗೆ ಹೋದಿರಿ ಅನ್ನಿ. ಕೈಯಿಂದ ಹೋಗುವುದು ಬರೀ 4,000ದ ವ್ಯತ್ಯಾಸವಲ್ಲ, ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಬಿಲ್ಲಿಗೂ ಅರ್ಧವೇ ಕೊಡುತ್ತಾರೆ. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ ಬಿಲ್ಲಿಗೆ ಈ ಕತ್ತರಿ ಬೀಳುವುದಿಲ್ಲ. ಅದೂ ಅಲ್ಲದೆ ಒಟ್ಟು ಕ್ಲೇಮಿನಲ್ಲಿ ಶೇ 5 ನಿಮ್ಮದೇ. ಹಾಗಾಗಿ ಅಡ್ಮಿಟ್ ಆಗುವಾಗ ಕೌಂಟರಿನಲ್ಲಿ ರೂಮಿನ ದರ ಕೇಳಿಯೇ ಸಹಿ ಹಾಕಿ. ಮಕ್ಕಳಿಗೂ ಹೇಳಿಟ್ಟಿರಿ. ಆ ಗಡಿಬಿಡಿಯಲ್ಲಿ ಸಹಿ ಹಾಕುವವರು ಅವರೇ.

ದೊಡ್ಡ ಮೊತ್ತದ ಪಾಲಿಸಿ ದುಬಾರಿ ಅನ್ನಿಸಿದರೆ 5 ಲಕ್ಷದ ಮೂಲ ಪಾಲಿಸಿ ಇಟ್ಟುಕೊಂಡು ಅದರ ಮೇಲೆ ಸೂಪರ್ ಟಾಪ್-ಅಪ್ ಹಾಕಿಸಿ. ವರ್ಷದ ಒಟ್ಟು ಬಿಲ್ಲು 5 ಲಕ್ಷ ದಾಟಿದ ಮೇಲೆ ಅದು ಕೈ ಹಿಡಿಯುತ್ತದೆ, ಪ್ರೀಮಿಯಂ ಕೂಡ ಕಮ್ಮಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡನ್ನೂ ಮಾಡಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ, ವರ್ಷಕ್ಕೆ 1.5 ಲಕ್ಷದೊಳಗೆ. ಪಿಂಚಣಿದಾರರಲ್ಲಿ ಬಹಳ ಜನ ಎಪಿಎಲ್, ಅದಕ್ಕೇ ಅದೊಂದನ್ನೇ ನಂಬಿ ಕೂರಬೇಡಿ ಅನ್ನುವುದು.

ಗುತ್ತಿಗೆಯಲ್ಲಿ ದುಡಿದ ಪೌರಕಾರ್ಮಿಕರಿಗೆ ಈ ಇಡಿಗಂಟು ಎಲ್ಲಿಂದ ಬರಬೇಕು? ಅವರ ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಹಿಡಿದಿದ್ದರೆ, ಕನಿಷ್ಠ ಐದು ವರ್ಷ ಅದರಲ್ಲಿದ್ದು ವಯೋನಿವೃತ್ತಿ ಆದವರು ವರ್ಷಕ್ಕೆ ಮುಂಗಡ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರೂ ಇಎಸ್‌ಐ ಚಿಕಿತ್ಸೆ ಪಡೆಯಬಹುದು. ಇಷ್ಟು ಅಗ್ಗದ್ದು ಬೇರೆಲ್ಲೂ ಸಿಗದು. ಗುತ್ತಿಗೆದಾರರಿಂದ ಸೇವೆಯ ದಾಖಲೆ ಬರೆಸಿಕೊಂಡು ಇಎಸ್‌ಐ ಶಾಖಾ ಕಚೇರಿಗೆ ಹೋಗಿ ಅಂತ ನಿಮ್ಮ ಪುರಸಭೆಯಲ್ಲಿ ಈ ವರ್ಷ ವಯಸ್ಸಾಗಿ ನಿವೃತ್ತರಾಗುವವರಿಗೆ ತಿಳಿಸಿ.