ಗೂಗಲ್‌ನಲ್ಲಿ ಹೆಸರು ಕೆಟ್ಟರೆ ಎಲ್ಲಿಂದ ಶುರು ಮಾಡಬೇಕು?

ದಂತವೈದ್ಯರೋ ವಕೀಲರೋ ಆಡಿಟರೋ ಬೇಕಾದಾಗ ಜನ ಪರಿಚಯದವರನ್ನು ಕೇಳುತ್ತಾರೆ. ಕೇಳಿದ ಮೇಲೂ ಒಮ್ಮೆ ಫೋನಿನಲ್ಲಿ ಹೆಸರು ಹಾಕಿ ನೋಡುತ್ತಾರೆ. ಅಲ್ಲಿ ಎರಡು ಸ್ಟಾರಿನ ರೇಟಿಂಗ್, ಎಂದೋ ಖುಲಾಸೆಯಾದ ಕೇಸಿನ ಹಳೇ ಸುದ್ದಿ ಅಥವಾ ಅದೇ ಹೆಸರಿನ ಬೇರೆ ಯಾರೋ ಆರೋಪಿ ಕಂಡರೆ ಕರೆ ಬರುವುದೇ ಇಲ್ಲ. ಇದು ಗೊತ್ತಾದ ಕೂಡಲೇ ಹೆಚ್ಚಿನವರು ಸಿಟ್ಟಿನಲ್ಲಿ ಉತ್ತರ ಬರೆಯುತ್ತಾರೆ, ಇಲ್ಲವೇ ಲೀಗಲ್ ನೋಟಿಸ್ ಕಳಿಸುತ್ತಾರೆ. ಮೊದಲನೆಯದು ಬೇಡವೇ ಬೇಡ, ಎರಡನೆಯದು ಕೊನೆಗಿರಲಿ. ನೋಟಿಸಿನ ಫೋಟೊವನ್ನೇ ಎದುರಿನವರು ಫೇಸ್‌ಬುಕ್‌ಗೆ ಹಾಕಿದರೆ ಹತ್ತು ಜನ ಓದಿದ್ದನ್ನು ಹತ್ತು ಸಾವಿರ ಜನ ಓದುತ್ತಾರೆ.

ಒಂದು ವಿಷಯ ಮೊದಲೇ ಸ್ಪಷ್ಟವಿರಲಿ. ಗೂಗಲ್ ತೋರಿಸುತ್ತದೆ ಅಷ್ಟೇ, ಬರೆದವರು ಬೇರೆ. ಮೂಲ ಪುಟ ಹೋದರೆ ಹುಡುಕಾಟದಿಂದಲೂ ಹೋಗುತ್ತದೆ. ಹುಡುಕಾಟದಿಂದ ಮಾತ್ರ ತೆಗೆಸಿದರೆ ಮೂಲ ಪುಟ ಹಾಗೇ ಉಳಿದು, ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಓಡಾಡುತ್ತಲೇ ಇರುತ್ತದೆ. ಹಾಗಾಗಿ ಮೊದಲು ಮೂಲ, ಆಮೇಲೆ ಗೂಗಲ್.

ಏನಿದೆ ಎಂದು ನೋಡುವುದು

ಗೂಗಲ್ ಖಾತೆಯಿಂದ ಲಾಗ್‌ಔಟ್ ಆಗಿ, ಇನ್‌ಕಾಗ್ನಿಟೊದಲ್ಲಿ ಹುಡುಕಿ. ಆಗಲೂ ನೀವು ಯಾವ ಊರಿನಲ್ಲಿದ್ದೀರಿ ಎಂಬುದನ್ನು ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬೇರೆ ಊರಿನ ಒಬ್ಬರಿಂದಲೂ ಹುಡುಕಿಸಿ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ.

ನಮ್ಮ ಹೆಸರುಗಳ ಇಂಗ್ಲಿಷ್ ಕಾಗುಣಿತ ಒಂದೇ ಥರ ಇರುವುದಿಲ್ಲ. ಮಂಜುನಾಥ ಎಂಬುದನ್ನು ಕೊನೆಯಲ್ಲಿ ‘ಎ’ ಹಾಕಿ ಬರೆಯುವವರೂ ಇದ್ದಾರೆ, ಹಾಕದವರೂ ಇದ್ದಾರೆ. ಇನಿಷಿಯಲ್ ಹಿಂದೆ, ಇನಿಷಿಯಲ್ ಮುಂದೆ, ‘ಡಾ.’ ಸೇರಿಸಿ, ಸೇರಿಸದೆ, ಹೀಗೆ ಎಲ್ಲ ರೂಪಗಳಲ್ಲೂ ನೋಡಿ. ಕನ್ನಡ ಲಿಪಿಯಲ್ಲಿ ಹುಡುಕುವುದನ್ನು ಬಹಳ ಜನ ಮರೆಯುತ್ತಾರೆ. ಕನ್ನಡ ಪತ್ರಿಕೆಗಳ ಜಿಲ್ಲಾ ಸುದ್ದಿ ಹೆಚ್ಚಾಗಿ ಹಾಗೆ ಹುಡುಕಿದಾಗಲೇ ಮೇಲೆ ಬರುವುದು. ಹೆಸರನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ, ಬಳಿಕ ಊರಿನ ಹೆಸರು, ಕಾಲೇಜು, ‘ವಂಚನೆ’, ‘ಕೇಸ್’ ಎಂಬ ಪದಗಳನ್ನು ಜೊತೆಗಿಟ್ಟು ನೋಡಿ. ಇಮೇಜಸ್, ವಿಡಿಯೊಸ್ ಟ್ಯಾಬ್ ಬಿಡಬೇಡಿ. ಮೊದಲ 20 ಫಲಿತಾಂಶ ಸಾಕು, ಅದರಾಚೆಗೆ ಹೋಗುವವರು ಕಡಿಮೆ.

ದಾಖಲೆ ಇಟ್ಟುಕೊಳ್ಳುವುದು

ಯಾರಿಗೂ ಏನೂ ಬರೆಯುವ ಮೊದಲು ಈ ಕೆಲಸ ಮುಗಿಸಿ, ಯಾಕೆಂದರೆ ದೂರು ಹೋದ ತಕ್ಷಣ ಕೆಲವರು ಪೋಸ್ಟ್ ತಿದ್ದಿಬಿಡುತ್ತಾರೆ. ಒಂದು ಸ್ಪ್ರೆಡ್‌ಶೀಟ್ ತೆರೆದು ಲಿಂಕ್, ಪ್ರಕಟವಾದ ದಿನ, ಬರೆದವರು, ಯಾವ ವಾಕ್ಯ ತಪ್ಪು, ಎಲ್ಲಿಗೆ ದೂರು ಕೊಟ್ಟಿರಿ, ದೂರಿನ ಸಂಖ್ಯೆ ಏನು ಎಂದು ಬರೆದಿಡಿ. ಸ್ಕ್ರೀನ್‌ಶಾಟ್‌ನಲ್ಲಿ ಪುಟದ ವೆಬ್ ವಿಳಾಸ ಪೂರ್ತಿ ಕಾಣಬೇಕು. ಕಂಪ್ಯೂಟರಿನಲ್ಲಿ ಇಡೀ ಪುಟವನ್ನು ಪಿಡಿಎಫ್ ಮಾಡಿಡುವುದು ಇನ್ನೂ ಒಳ್ಳೆಯದು.

ಮೂಲ ಫೈಲನ್ನು ಮುಟ್ಟದೆ ಹಾಗೇ ಇಡಿ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಅದರ ಹ್ಯಾಶ್ ಮೌಲ್ಯ (ಫೈಲಿನಿಂದ ಲೆಕ್ಕ ಹಾಕಿದ, ಫೈಲ್ ಚೂರು ಬದಲಾದರೂ ಬದಲಾಗುವ ಸಂಕೇತ) ಬರೆದ ಪ್ರಮಾಣಪತ್ರ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ, ಹ್ಯಾಶ್ ಬೇರೆಯೇ ಆಗುತ್ತದೆ. ವಕೀಲರಿಗೆ ಇಮೇಲ್ ಅಟ್ಯಾಚ್‌ಮೆಂಟ್ ಆಗಿಯೇ ಕಳಿಸಿ. ವೆಬ್ ಪುಟಗಳ ಹಳೇ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್ ಎಂಬ ಜಾಲತಾಣದಲ್ಲಿ ಪುಟವನ್ನು ಉಳಿಸಿಡಿ ಎಂಬ ಸಲಹೆ ಕೊಡುವವರಿದ್ದಾರೆ. ಮನೆ ವಿಳಾಸ, ಫೋಟೊ ಇರುವ ಪುಟವನ್ನು ಹಾಗೆ ಉಳಿಸಿದರೆ ತೆಗೆಸಬೇಕಾದ ಸಾರ್ವಜನಿಕ ಪ್ರತಿ ಇನ್ನೊಂದಾಯಿತು ಎಂಬುದು ನೆನಪಿರಲಿ.

ಒಂದು ಸ್ಟಾರಿನ ರಿವ್ಯೂ

ಸ್ವಂತ ಕ್ಲಿನಿಕ್ ಅಥವಾ ಆಫೀಸು ಇಟ್ಟುಕೊಂಡವರಿಗೆ ಹೆಚ್ಚು ಕಾಡುವುದು ಇದೇ. ರೋಗಿಯೊಬ್ಬರು ಹೀಗೆ ಬರೆದಿದ್ದಾರೆ ಅಂದುಕೊಳ್ಳಿ: ‘ರೂಟ್ ಕೆನಾಲ್ ಮಾಡಿಸಿ ಎರಡೇ ತಿಂಗಳಿಗೆ ಮತ್ತೆ ನೋವು. ಬರೀ ದುಡ್ಡು ಹೊಡೆಯೋ ಜಾಗ.’ ಸಾಮಾನ್ಯವಾಗಿ ಬರುವ ಉತ್ತರ: ‘ನೀವು ಮೂರನೇ ಸಿಟ್ಟಿಂಗಿಗೆ ಬರಲೇ ಇಲ್ಲ, ಕ್ಯಾಪ್ ಹಾಕಿಸಿ ಎಂದರೂ ಕೇಳಲಿಲ್ಲ, 1,500 ರೂಪಾಯಿ ಬಾಕಿ ಬೇರೆ ಇದೆ.’

ಇದರಲ್ಲಿ ಪ್ರತಿ ಮಾತೂ ನಿಜವಿರಬಹುದು. ಆದರೆ ಅವರು ನಿಮ್ಮ ರೋಗಿ ಎಂಬುದನ್ನೂ ಅವರ ಚಿಕಿತ್ಸೆಯ ವಿವರವನ್ನೂ ನೀವೇ ಬಯಲು ಮಾಡಿದಂತಾಯಿತು. ರೋಗಿಯ ಗುಟ್ಟು ಕಾಪಾಡುವುದು ವೈದ್ಯರ ವೃತ್ತಿಧರ್ಮ. ಸ್ಟಾರ್ ಕಡಿಮೆ ಕೊಟ್ಟ ರೋಗಿ ಈಗ ವೈದ್ಯರ ನಡವಳಿಕೆ ನೋಡಿಕೊಳ್ಳುವ ಮಂಡಳಿಗೆ ದೂರು ಕೊಡಲೂಬಹುದು. ಬದಲಿಗೆ ಹೀಗೆ ಬರೆಯಿರಿ:

‘ನೋವು ಮರಳಿರುವುದನ್ನು ಓದಿ ಬೇಸರವಾಯಿತು. ಯಾರ ಚಿಕಿತ್ಸೆಯ ವಿಷಯವನ್ನೂ ನಾವು ಇಲ್ಲಿ ಬರೆಯುವಂತಿಲ್ಲ. ಬೆಳಿಗ್ಗೆ 10ರಿಂದ 1ರೊಳಗೆ ಕ್ಲಿನಿಕ್ ನಂಬರಿಗೆ ಕರೆ ಮಾಡಿ, ಎಕ್ಸ್-ರೇ ಇದ್ದರೆ ತನ್ನಿ, ಇನ್ನೊಮ್ಮೆ ನೋಡುತ್ತೇವೆ.’

ಇಷ್ಟೇ ಸಾಕು. ಇದನ್ನು ಓದುವುದು ಆ ರೋಗಿಗಿಂತ ಹೆಚ್ಚಾಗಿ ಮುಂದೆ ಬರುವವರು. ನೀವು ಉತ್ತರ ಹಾಕಿದಾಗ ರಿವ್ಯೂ ಬರೆದವರಿಗೆ ಸೂಚನೆ ಹೋಗುತ್ತದೆ, ಅವರು ಸ್ಟಾರ್ ಬದಲಿಸಲು ಅವಕಾಶವಿದೆ. ಸಮಸ್ಯೆ ನಿಜಕ್ಕೂ ಬಗೆಹರಿದ ಮೇಲೆ ಫೋನಿನಲ್ಲಿ ಒಂದೇ ಸಲ ಕೇಳಿ, ಸಾರ್ವಜನಿಕವಾಗಿ ಕೇಳಬೇಡಿ.

ಸುಳ್ಳು ರಿವ್ಯೂ ಆದರೆ? ಅದರ ಪಕ್ಕದ ಮೂರು ಚುಕ್ಕಿ ಒತ್ತಿ ರಿಪೋರ್ಟ್ ಮಾಡಬಹುದು. ಆದರೆ ಗೂಗಲ್ ಯಾರ ಮಾತು ಸತ್ಯ ಎಂದು ಪಂಚಾಯಿತಿ ಮಾಡುವುದಿಲ್ಲ. ‘ಈತ ನಮ್ಮ ಗ್ರಾಹಕನೇ ಅಲ್ಲ’ ಎಂದಷ್ಟೇ ಬರೆದ ದೂರುಗಳು ಬಿದ್ದುಹೋಗುವುದು ಈ ಕಾರಣಕ್ಕೆ. ಅದರ ನೀತಿಯಲ್ಲಿರುವ ಯಾವ ಕಲಮು ಮುರಿದಿದೆ ಎಂದು ತೋರಿಸಬೇಕು: ಪ್ರತಿಸ್ಪರ್ಧಿ ಅಥವಾ ಕೆಲಸ ಬಿಟ್ಟುಹೋದ ನೌಕರ ಬರೆದದ್ದು, ಬೈಗುಳ ಬೆದರಿಕೆ ಇರುವುದು, ಖಾಸಗಿ ಮಾಹಿತಿ ಹಾಕಿರುವುದು, ನಿಮ್ಮ ಸೇವೆಗೆ ಸಂಬಂಧವೇ ಇಲ್ಲದ್ದು. ಗೂಗಲ್‌ನಲ್ಲಿರುವ ನಿಮ್ಮ ಕ್ಲಿನಿಕ್ ಅಥವಾ ಆಫೀಸಿನ ಪುಟದ, ಅಂದರೆ ಬಿಸಿನೆಸ್ ಪ್ರೊಫೈಲ್‌ನ ರಿವ್ಯೂ ನಿರ್ವಹಣೆಯ ಪುಟದಲ್ಲಿ ದೂರಿನ ಸ್ಥಿತಿ ಕಾಣುತ್ತದೆ. ತಿರಸ್ಕೃತವಾದರೆ ಮೇಲ್ಮನವಿ ಒಂದೇ ಸಲ. ಹಾಗಾಗಿ ಪುರಾವೆ ಕೂಡಿಸಿಕೊಂಡ ಮೇಲೆಯೇ ಅದನ್ನು ಬಳಸಿ. ‘ದುಡ್ಡು ಕೊಟ್ಟರೆ ಅಳಿಸುತ್ತೇವೆ’ ಎಂಬ ಮೆಸೇಜ್ ಬಂದರೆ ಅದು ಸುಲಿಗೆ. ಚೌಕಾಸಿಗಿಳಿಯದೆ ಮೆಸೇಜ್ ಉಳಿಸಿಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ದುಡ್ಡು ಈಗಾಗಲೇ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಒಳ್ಳೆಯ ರಿವ್ಯೂ ಕೇಳುವುದು ತಪ್ಪಲ್ಲ. ಬಂದವರೆಲ್ಲರನ್ನೂ ಕೇಳಬೇಕು, ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದನ್ನೂ ಡಿಸ್ಕೌಂಟ್ ಆಸೆ ತೋರಿಸುವುದನ್ನೂ ಗೂಗಲ್ ನೀತಿ ಒಪ್ಪುವುದಿಲ್ಲ. ಒಂದೇ ವಾರದಲ್ಲಿ ಐದು ಸ್ಟಾರಿನ ನಲವತ್ತು ರಿವ್ಯೂ ಬಂದರೆ ಯಂತ್ರವೇ ಅನುಮಾನಿಸಿ ಅಳಿಸಬಹುದು, ಪ್ರೊಫೈಲ್‌ಗೆ ಹೊಸ ರಿವ್ಯೂ ಬಾರದಂತೆ ಕೆಲಕಾಲ ತಡೆಯಲೂಬಹುದು. ವಕೀಲರು ಇನ್ನಷ್ಟು ಹುಷಾರಾಗಿರಬೇಕು. ಬಾರ್ ಕೌನ್ಸಿಲ್‌ನ 36ನೇ ನಿಯಮ ಜಾಹೀರಾತನ್ನು ನಿಷೇಧಿಸುತ್ತದೆ. 2008ರ ತಿದ್ದುಪಡಿಯ ಬಳಿಕ ಹೆಸರು, ವಿಳಾಸ, ನೋಂದಣಿ, ವಿದ್ಯಾರ್ಹತೆ, ವಕಾಲತ್ತಿನ ಕ್ಷೇತ್ರದಂಥ ವಿವರಗಳನ್ನು ವೆಬ್‌ಸೈಟಿನಲ್ಲಿ ಹಾಕಬಹುದು, ಹೊಗಳಿಕೆಯನ್ನಲ್ಲ.

ಹಳೇ ಸುದ್ದಿ

ಬಂಧನವಾದಾಗ ಬಂದ ಸುದ್ದಿ ಉಳಿದಿರುತ್ತದೆ, ಖುಲಾಸೆಯಾದಾಗ ಸುದ್ದಿಯೇ ಬಂದಿರುವುದಿಲ್ಲ. ಇಲ್ಲಿ ‘ಅಳಿಸಿ’ ಎಂದು ಕೇಳಿದರೆ ಸಂಪಾದಕರು ಒಪ್ಪುವುದು ಅಪರೂಪ. ಹಿಂದಿನ ವರದಿ ಅಂದಿನ ಮಟ್ಟಿಗೆ ಸರಿಯೇ ಇತ್ತು ಎಂಬುದು ಅವರ ವಾದ, ಅದರಲ್ಲಿ ಹುರುಳಿದೆ. ಒಪ್ಪಿಕೊಳ್ಳಬಹುದಾದ್ದನ್ನು ಕೇಳಿ. ಮೊದಲು, ಸುದ್ದಿಯ ತಲೆಯಲ್ಲೇ ಖುಲಾಸೆಯ ದಿನಾಂಕದೊಂದಿಗೆ ಒಂದು ಸಾಲು ಸೇರಿಸಲು. ಅದರ ಜೊತೆಗೆ, ಪುಟ ತಮ್ಮ ಸೈಟಿನಲ್ಲಿ ಉಳಿದರೂ ಹುಡುಕಾಟದಲ್ಲಿ ಬಾರದಂತೆ ‘ನೋಇಂಡೆಕ್ಸ್’ ಹಾಕಲು. ಪತ್ರಿಕೆಯ ಕಡತ ಕೆಡುವುದಿಲ್ಲ, ನಿಮ್ಮ ಕೆಲಸವೂ ಆಗುತ್ತದೆ. ಎಷ್ಟೋ ಸಲ ಇದೊಂದೇ ಮಾತಿನಿಂದ ವಿಷಯ ಮುಗಿಯುತ್ತದೆ.

ಇಮೇಲ್ ಅರ್ಧ ಪುಟ ದಾಟದಿರಲಿ. ಲಿಂಕ್, ಪ್ರಕಟವಾದ ದಿನ, ಕೋರ್ಟಿನ ಹೆಸರು, ಕೇಸ್ ನಂಬರ್, ತೀರ್ಪಿನ ದಿನ, ನಿಮ್ಮ ಕೋರಿಕೆ, ಜೊತೆಗೆ ತೀರ್ಪಿನ ದೃಢೀಕೃತ ಪ್ರತಿ. ಮಾನನಷ್ಟದ ಬೆದರಿಕೆ ಹಾಕಿದರೆ ಅದು ನೇರ ಅವರ ಕಾನೂನು ವಿಭಾಗಕ್ಕೆ ಹೋಗಿ ಅಲ್ಲೇ ಕೂರುತ್ತದೆ. ಮುದ್ರಿತ ಪತ್ರಿಕೆಯ ಹೊಸ ಸುದ್ದಿಯೇ ತಪ್ಪಿದ್ದು, ಸಂಪಾದಕರೂ ಓಗೊಡದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ, ವಾರಪತ್ರಿಕೆಗಳಿಗೆ ಪ್ರಕಟವಾದ 2 ತಿಂಗಳೊಳಗೆ, ಉಳಿದವಕ್ಕೆ 4 ತಿಂಗಳೊಳಗೆ.

ತೀರ್ಪಿನಲ್ಲಿರುವ ಹೆಸರು

ತೀರ್ಪುಗಳನ್ನು ಹಾಕುವ ಜಾಲತಾಣಗಳು ಸಾಮಾನ್ಯವಾಗಿ ಕೋರ್ಟ್ ಆದೇಶವಿಲ್ಲದೆ ಹೆಸರು ಮುಚ್ಚುವುದಿಲ್ಲ. ನ್ಯಾಯಾಲಯಗಳ ನಿಲುವೂ ಒಂದೇ ದಿಕ್ಕಿನಲ್ಲಿಲ್ಲ. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ಮಹಿಳೆಯೊಬ್ಬರ ಹೆಸರು ಇಂಟರ್‌ನೆಟ್ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ತನ್ನ ರಿಜಿಸ್ಟ್ರಿಗೆ ಹೇಳಿತ್ತು. 2024ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟ್ ಖುಲಾಸೆಯಾದವರೊಬ್ಬರ ತೀರ್ಪನ್ನು ತೆಗೆಯಲು ಆದೇಶಿಸಿದಾಗ, ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಹಾಗಾಗಿ ಇಲ್ಲಿ ಗ್ಯಾರಂಟಿ ಕೊಡುವವರನ್ನು ನಂಬಬೇಡಿ. ಕೇಸು ಇನ್ನೂ ನಡೆಯುತ್ತಿದ್ದರೆ, ಹೆಸರಿನ ಬದಲು ಇನಿಷಿಯಲ್ ಬಳಸುವಂತೆ ಈಗಲೇ ಅರ್ಜಿ ಹಾಕಲು ವಕೀಲರಿಗೆ ಹೇಳಿ. ತೀರ್ಪು ನೂರು ಕಡೆ ಹರಡಿದ ಮೇಲೆ ಕೇಳುವುದಕ್ಕಿಂತ ಅದು ಸುಲಭ. ಯುರೋಪಿನ ಒಕ್ಕೂಟದ ದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಬೇರೆ ದಾರಿಯಿದೆ. ಅಲ್ಲಿನ ನ್ಯಾಯಾಲಯದ 2014ರ ತೀರ್ಪಿನಿಂದಾಗಿ, ಹೆಸರಿಟ್ಟು ಹುಡುಕಿದಾಗ ಹಳೇ ಪುಟ ಬಾರದಂತೆ ಮಾಡಲು ಗೂಗಲ್‌ಗೇ ನೇರ ಅರ್ಜಿ ಹಾಕಬಹುದು. ಆದರೆ ಅದು ಅಲ್ಲಿನ ಹುಡುಕಾಟಕ್ಕೆ ಸೀಮಿತ, ಬೆಂಗಳೂರಿನಲ್ಲಿ ಹುಡುಕಿದವರಿಗೆ ಕಾಣುತ್ತಲೇ ಇರುತ್ತದೆ.

ಗೂಗಲ್ ತಾನಾಗಿ ತೆಗೆಯುವುದು ಏನನ್ನು?

ಬ್ಯಾಂಕ್ ಖಾತೆ ಸಂಖ್ಯೆ, ಸರ್ಕಾರಿ ಗುರುತಿನ ಸಂಖ್ಯೆ, ಸಹಿಯ ಚಿತ್ರ, ವೈದ್ಯಕೀಯ ದಾಖಲೆ, ಮನೆ ವಿಳಾಸ, ಫೋನ್ ನಂಬರ್‌ಗಳಂಥವಕ್ಕೆ ಅರ್ಜಿ ನಮೂನೆ ಇದೆ. ‘ನನಗೆ ಅವಮಾನವಾಗುತ್ತಿದೆ’ ಎಂಬುದು ಅದರಲ್ಲಿ ಕಾರಣವಲ್ಲ. ಮೂಲ ಪುಟ ಬದಲಾದ ಮೇಲೂ ಗೂಗಲ್‌ನಲ್ಲಿ ಹಳೇ ಸಾಲುಗಳೇ ಕಾಣುತ್ತಿದ್ದರೆ ‘ರಿಫ್ರೆಶ್ ಔಟ್‌ಡೇಟೆಡ್ ಕಂಟೆಂಟ್’ ಎಂಬ ಸಲಕರಣೆಗೆ ಲಿಂಕ್ ಕೊಡಿ. ಪುಟ ಬದಲಾಗುವ ಮೊದಲೇ ಕೊಟ್ಟರೆ ಅರ್ಜಿ ತಿರಸ್ಕೃತವಾಗುತ್ತದೆ. ಎಡವುವವರು ಹೆಚ್ಚು ಎಡವುವುದು ಇಲ್ಲೇ.

ನಿಮ್ಮ ಹೆಸರು, ಫೋಟೊ ಹಾಕಿದ ನಕಲಿ ಖಾತೆಗಳ ವಿಷಯದಲ್ಲಿ ಕೆಲಸ ಬೇಗ ಆಗುತ್ತದೆ. 2021ರ ಐಟಿ ನಿಯಮಗಳ ಪ್ರಕಾರ ಬೇರೆಯವರ ಸೋಗು ಹಾಕಿದ ಖಾತೆಯ ಬಗ್ಗೆ ದೂರು ಬಂದರೆ ಕಂಪನಿ 2 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು (2026ರ ಫೆಬ್ರುವರಿಯ ತಿದ್ದುಪಡಿಗೆ ಮೊದಲು 24 ಗಂಟೆ ಇತ್ತು). ಆ್ಯಪ್‌ನ ರಿಪೋರ್ಟ್ ಗುಂಡಿಯ ಜೊತೆಗೆ, ಕಂಪನಿಯ ಭಾರತದ ಕುಂದುಕೊರತೆ ಅಧಿಕಾರಿಗೂ ಬರೆಯಿರಿ. ಅವರ ಉತ್ತರ ಸಮಾಧಾನ ತರದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ವಕೀಲರೇ ಬೇಕೆಂದಿಲ್ಲ.

ಖಾಲಿ ಜಾಗ ತುಂಬುವುದು

ತೆಗೆಸಲಾಗದ್ದನ್ನು ಕೆಳಕ್ಕೆ ಇಳಿಸಬೇಕು. ನಿಮ್ಮ ಬಗ್ಗೆ ಬೇರೆ ಪುಟವೇ ಇಲ್ಲದಾಗ ಇರುವ ಒಂದು ಕೆಟ್ಟ ಪುಟವೇ ಮೊದಲು ಬರುತ್ತದೆ. ಸ್ವಂತ ಹೆಸರಿನ ಡೊಮೇನ್‌ನಲ್ಲಿ (ವೆಬ್ ವಿಳಾಸದಲ್ಲಿ) ಒಂದೇ ಪುಟದ ವೆಬ್‌ಸೈಟ್ ಮಾಡಿ. ಪುಟದ ಶೀರ್ಷಿಕೆಯಲ್ಲಿ ಪೂರ್ತಿ ಹೆಸರು, ವೃತ್ತಿ, ಊರು ಇರಲಿ. ವಿಸಿಟಿಂಗ್ ಕಾರ್ಡಿನ ಫೋಟೊ ಹಾಕಿ ಅದೇ ವೆಬ್‌ಸೈಟ್ ಎಂದರೆ ಪ್ರಯೋಜನವಿಲ್ಲ, ವಿವರ ಅಕ್ಷರದಲ್ಲಿರಬೇಕು. ಲಿಂಕ್ಡ್‌ಇನ್‌ನಲ್ಲಿ ಪ್ರೊಫೈಲ್ ವಿಳಾಸದ ಕೊನೆಯ ಅಂಕಿಗಳನ್ನು ತೆಗೆದು ಹೆಸರಷ್ಟೇ ಉಳಿಸಿ, ಸಾರ್ವಜನಿಕವಾಗಿ ಕಾಣುವಂತೆ ಮಾಡಿ. ಹಳೇ ವಿಳಾಸದ ಡೈರೆಕ್ಟರಿ ಪುಟಗಳನ್ನು ನಿಮ್ಮದೆಂದು ಕ್ಲೇಮ್ ಮಾಡಿ ತಿದ್ದಿ. ಎಲ್ಲ ಕಡೆ ಹೆಸರಿನ ಕಾಗುಣಿತ, ಫೋನ್ ಒಂದೇ ಇರಲಿ, ಒಂದರಿಂದ ಇನ್ನೊಂದಕ್ಕೆ ಲಿಂಕ್ ಕೊಡಿ. ಫಲ ಕಾಣಲು ತಿಂಗಳುಗಳೇ ಬೇಕು.

ಅದೇ ಹೆಸರಿನ ಆರೋಪಿಯಿಂದ ತೊಂದರೆಯಾಗಿದ್ದರೆ ಊರಿನ ಹೆಸರನ್ನೋ ಪೂರ್ತಿ ಬಿಡಿಸಿದ ಇನಿಷಿಯಲನ್ನೋ ಸೇರಿಸಿಕೊಂಡು ಎಲ್ಲೆಡೆ ಅದನ್ನೇ ಬಳಸಿ.

‘ಹದಿನೈದು ದಿನದಲ್ಲಿ ಎಲ್ಲ ತೆಗೆಸಿಕೊಡುತ್ತೇವೆ’ ಎನ್ನುವ ಏಜೆನ್ಸಿಗಳ ಒಂದು ಹಳೇ ಉಪಾಯ ಗೊತ್ತಿರಲಿ: ಸುದ್ದಿಯ ನಕಲನ್ನು ಹಿಂದಿನ ದಿನಾಂಕ ಹಾಕಿ ಎಲ್ಲೋ ಪ್ರಕಟಿಸಿ, ಮೂಲ ಪತ್ರಿಕೆಯ ಮೇಲೆಯೇ ಕಾಪಿರೈಟ್ ದೂರು ಕೊಡುವುದು. ಗೂಗಲ್ ಇಂಥ ದೂರುಗಳ ಪ್ರತಿಯನ್ನು ಲ್ಯೂಮೆನ್ ಎಂಬ ಸಾರ್ವಜನಿಕ ದತ್ತಸಂಚಯಕ್ಕೆ ಕಳಿಸುತ್ತದೆ. ಪತ್ರಕರ್ತರು ಅದನ್ನು ಓದುತ್ತಾರೆ, ಆಗ ಬರುವುದು ಹೊಸ ಸುದ್ದಿ.

ಕೋರ್ಟಿಗೆ ಹೋಗುವುದಾದರೆ

ಹಸಿ ಸುಳ್ಳು, ಅದರಿಂದ ಕೆಲಸಕ್ಕೆ ಪೆಟ್ಟು, ಯಾರೂ ತೆಗೆಯುತ್ತಿಲ್ಲ ಎಂದಾಗ ಕೋರ್ಟೇ ದಾರಿ. ಕೋರ್ಟ್ ಅಥವಾ ಸರ್ಕಾರದ ಆದೇಶ ಬಂದರಷ್ಟೇ ಕಂಪನಿಗಳು ಪೋಸ್ಟ್ ತೆಗೆಯಬೇಕು ಎಂದ ಸುಪ್ರೀಂ ಕೋರ್ಟಿನ 2015ರ ಶ್ರೇಯಾ ಸಿಂಘಲ್ ತೀರ್ಪಿನ ಬಳಿಕ ಮಾನನಷ್ಟದ ದೂರುಗಳಿಗೆ ಕಂಪನಿಗಳು ಕೊಡುವ ಉತ್ತರ ಹೆಚ್ಚಾಗಿ ‘ಕೋರ್ಟ್ ಆದೇಶ ತನ್ನಿ’ ಎಂದೇ. ಸಿವಿಲ್ ಕೋರ್ಟಿನಲ್ಲಿ ದಾವೆಯ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆಗೆ ಅರ್ಜಿ ಹಾಕುತ್ತಾರೆ. ಅದರ ಪಟ್ಟಿಯಲ್ಲಿ ಪ್ರತಿ ಲಿಂಕೂ ಅಕ್ಷರ ತಪ್ಪದೆ ಇರಬೇಕು, ಬಿಟ್ಟುಹೋದ ಲಿಂಕನ್ನು ಕಂಪನಿ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮೊದಲ ದಿನ ಮಾಡಿದ ಸ್ಪ್ರೆಡ್‌ಶೀಟ್ ಆಗ ಕೆಲಸಕ್ಕೆ ಬರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಕ್ರಿಮಿನಲ್ ದೂರಿಗೂ ಅವಕಾಶವಿದೆ, ಎರಡು ವರ್ಷದವರೆಗೆ ಸಾದಾ ಸಜೆ. ಆದರೆ ಪೋಸ್ಟ್ ತೆಗೆಸುವುದೇ ಗುರಿಯಾದರೆ ಸಿವಿಲ್ ದಾವೆಯೇ ಹತ್ತಿರದ ದಾರಿ. ಬರಹದ ಮಾನನಷ್ಟಕ್ಕೆ ಪರಿಹಾರ ಕೇಳಲು ಕಾಲಮಿತಿ ಪ್ರಕಟವಾದ ದಿನದಿಂದ ಒಂದೇ ವರ್ಷ. ಸಂಧಾನ, ಇಮೇಲ್, ಮೇಲ್ಮನವಿ ನಡೆಯುತ್ತಿದೆ ಎಂದು ಆ ಗಡುವು ನಿಲ್ಲುವುದಿಲ್ಲ. ಒಂಬತ್ತನೇ ತಿಂಗಳಿಗೂ ಏನೂ ಆಗದಿದ್ದರೆ ಕಾಗದಪತ್ರ ಹಿಡಿದು ವಕೀಲರ ಬಳಿ ಹೋಗಿ.